ಘಟ್ಟ ಹತ್ತದ ಮೈಲೇಜು

ಮಲೆನಾಡಿನ ಯಾವುದೇ ಮನೆಯಂಗಳಕ್ಕೆ ಹೊಸ ಬೈಕು ಬಂದು ನಿಲ್ಲಲಿ, ನೆರೆಹೊರೆಯವರ ಮೊದಲ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಬೆಲೆ ಎಷ್ಟು, ಕಂತು ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಕರೆಯುವ ಹಸುವಿನ ಬಗ್ಗೆ ಕೇಳುವ ಪ್ರಶ್ನೆಯನ್ನೇ ಪೆಟ್ರೋಲು ಕುಡಿಯುವ ಯಂತ್ರದ ಬಗ್ಗೆಯೂ ಕೇಳುವುದರಲ್ಲಿ ಒಂದು ವಿವೇಕವಿದೆ. ಆದರೆ ಹಸುವಿನ ಹಾಲನ್ನು ದಿನಕ್ಕೆ ಎರಡು ಹೊತ್ತು ಡೇರಿಯಲ್ಲಿ ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಬೈಕಿನ ಮೈಲೇಜನ್ನು ಮಾತ್ರ ಮಾರಿದವನ ಮಾತಿನ ಮೇಲೆ, ಇಲ್ಲವೇ ಗೋವೆಗೆ ಹೋಗಿ ಬಂದ ಗೆಳೆಯನ ನೆನಪಿನ ಮೇಲೆ ನಂಬುತ್ತೇವೆ.

ಈ ನಂಬಿಕೆ ಅತಿ ದುಬಾರಿಯಾಗಿ ಪರಿಣಮಿಸಿರುವುದು ದೂರಪ್ರಯಾಣಕ್ಕೆಂದು ರೂಪಿಸಿದ ಟೂರಿಂಗ್ ಬೈಕುಗಳ ವಿಷಯದಲ್ಲಿ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ 411 ಸಿ.ಸಿ. ಹಿಮಾಲಯನ್ ಬಂತು, 2020ರಲ್ಲಿ ಕೆಟಿಎಂ 390 ಅಡ್ವೆಂಚರ್, 2023ರ ನವೆಂಬರಿನಲ್ಲಿ ಹಿಮಾಲಯನ್ನಿನದೇ 452 ಸಿ.ಸಿ. ಅವತಾರ. ಲಡಾಖಿನ ಹಿಮದ ಹಿನ್ನೆಲೆಯಲ್ಲಿ ಚಿತ್ರ ತೆಗೆಸಿಕೊಂಡ ಈ ಗಾಡಿಗಳು ಇಂದು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಾಲುದಾರಿಗಳಲ್ಲಿ ಹಾಲಿನ ಕ್ಯಾನು ಹೊರುತ್ತಿವೆ, ಸೊಸೈಟಿಯ ಅಕ್ಕಿಮೂಟೆ ತರುತ್ತಿವೆ, ಮಕ್ಕಳನ್ನು ಶಾಲೆಯ ಬಾಗಿಲಿಗೆ ಇಳಿಸುತ್ತಿವೆ. ಅಡಿಕೆಗೆ ಬೆಲೆ ಬಂದ ವರ್ಷ ಕೊಂಡದ್ದನ್ನು ಎಲೆಚುಕ್ಕೆ ರೋಗ ತೋಟಕ್ಕೆ ಬಿದ್ದ ವರ್ಷವೂ ಓಡಿಸಲೇಬೇಕಲ್ಲ! ವರ್ಷಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ ಪ್ರವಾಸ. ಉಳಿದ ಮುನ್ನೂರೈವತ್ತು ದಿನ ಪೇಟೆ, ಡೇರಿ, ತೋಟ. ಆದರೂ ಈ ಗಾಡಿಯ ಮೈಲೇಜೆಂದು ಎಲ್ಲರ ಬಾಯಲ್ಲಿ ಇರುವುದು ಪ್ರವಾಸದ ಅಂಕಿ. ನಿತ್ಯದ ಅಂಕಿಯನ್ನು ಕೇಳುವವರಿಲ್ಲ, ಹೇಳುವವರೂ ಇಲ್ಲ. ನಿತ್ಯದ ಓಡಾಟಕ್ಕೆ, ಅದರಲ್ಲೂ ಏರುತಗ್ಗಿನ ನಾಡಿನ ನಿತ್ಯದ ಓಡಾಟಕ್ಕೆ, ಈ ಯಂತ್ರಗಳಷ್ಟು ಹೊಂದದ ವಾಹನ ಇನ್ನೊಂದಿಲ್ಲವೆಂಬುದೂ, ಅದರ ವೆಚ್ಚವನ್ನು ಕೊಂಡವನೊಬ್ಬನೇ ಅಲ್ಲದೆ ನೆಲ, ನೀರು, ಅನ್ನಗಳೂ ತೆರುತ್ತಿವೆ ಎಂಬುದೂ ನನ್ನ ವಾದ.

ಮೊದಲು ಕಾಗದದ ಮೇಲಿನ ಅಂಕಿಯ ಹುಟ್ಟನ್ನು ನೋಡೋಣ. ಬೈಕನ್ನು ಪ್ರಯೋಗಾಲಯದಲ್ಲಿ ಉರುಳುವ ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗಗಳಲ್ಲಿ ಓಡಿಸಿ, ಹೊಗೆಯನ್ನು ಅಳೆದು ಇಂಧನವನ್ನು ಲೆಕ್ಕ ಹಾಕುತ್ತಾರೆ. ಹಿಂದೆ ಇದಕ್ಕೆ ಬಳಸುತ್ತಿದ್ದ ಭಾರತೀಯ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ.; ಸರಾಸರಿ 22 ಕಿ.ಮೀ.ಗೂ ತುಸು ಕಡಿಮೆ. ಆಮೇಲೆ ಅಂತರರಾಷ್ಟ್ರೀಯ ಪರೀಕ್ಷಾಚಕ್ರ ಬಂದಿತು. ಇದು ಹಿಂದಿನದಕ್ಕಿಂತ ಪ್ರಾಮಾಣಿಕವೆಂಬುದರಲ್ಲಿ ಸಂಶಯವಿಲ್ಲ. ತಣ್ಣಗಿನ ಎಂಜಿನ್ನಿನಿಂದಲೇ ಶುರುವಾಗುತ್ತದೆ. ಆದರೆ ಗಂಟೆಗೆ 130 ಕಿ.ಮೀ. ಮುಟ್ಟಬಲ್ಲ ದೊಡ್ಡ ಬೈಕುಗಳ ಲೆಕ್ಕದಲ್ಲಿ ಪೇಟೆಯ ಓಡಾಟಕ್ಕೆ ಸಿಗುವ ತೂಕ ಕಾಲು ಪಾಲು ಮಾತ್ರ. ಅರ್ಧ ಪಾಲು ಊರ ಹೊರಗಿನ ನಡುವೇಗದ ರಸ್ತೆಗೆ, ಇನ್ನುಳಿದ ಕಾಲು ಪಾಲು ಹೆದ್ದಾರಿಗೆ. ದಿನವೂ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹಾಲು ಹಾಕಲು ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ಅದಕ್ಕಿಂತ ಮುಖ್ಯವಾದದ್ದು: ಈ ಪರೀಕ್ಷೆಯಲ್ಲಿ ಏರು ಎಂಬುದೇ ಇಲ್ಲ. ಹಳೆಯ ಚಕ್ರವಾಗಲಿ ಹೊಸ ಚಕ್ರವಾಗಲಿ, ರಸ್ತೆ ಚಪ್ಪಟೆ. ಸಹ್ಯಾದ್ರಿಯನ್ನು ಲೆಕ್ಕದಿಂದ ಅಳಿಸಿ ಹಾಕಿದ ಮೇಲೆ ಉಳಿದ ಅಂಕಿಯನ್ನು ನಮ್ಮ ಕೈಗೆ ಕೊಡುತ್ತಾರೆ.

ಎಂಜಿನ್ನಿನ ಒಳಗೆ ನಡೆಯುವುದನ್ನು ಒಲೆಯ ಭಾಷೆಯಲ್ಲಿ ಹೇಳಿದರೆ ನಮಗೆ ಬೇಗ ಅರ್ಥವಾದೀತು. ಬಚ್ಚಲೊಲೆಗೆ ದೊಡ್ಡ ಕುಂಟೆ ತುರುಕಿ, ಹಂಡೆಯ ಬಾಯಲ್ಲಿ ಒಂದು ಲೋಟ ಹಾಲು ಬಿಸಿ ಮಾಡುವವರನ್ನು ನಾವು ಏನೆಂದು ಕರೆಯುತ್ತೇವೆ? 452 ಸಿ.ಸಿ.ಯ ಎಂಜಿನ್ನಿಗೆ 40 ಅಶ್ವಶಕ್ತಿಯ ಸಾಮರ್ಥ್ಯವಿದೆ. ಒಬ್ಬ ಸವಾರನನ್ನು ಹೊತ್ತು ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಸಾಗಲು ಬೇಕಾಗುವುದು ಒಂದೂವರೆ, ಹೆಚ್ಚೆಂದರೆ ಎರಡು ಅಶ್ವಶಕ್ತಿ. ಉಳಿದದ್ದು ಸುಮ್ಮನೆ ಮಲಗಿರುವುದಿಲ್ಲ. ದೊಡ್ಡ ಪಿಸ್ಟನ್ನಿನ ಉಜ್ಜಾಟ, ಅರ್ಧ ಮುಚ್ಚಿದ ಬಾಯಿಂದ ಗಾಳಿ ಎಳೆದುಕೊಳ್ಳುವ ಏದುಸಿರು, ನೀರು ತಂಪಿಸುವ ಪಂಪು ಇವೆಲ್ಲಕ್ಕೂ ಇಂಧನ ತೆರಬೇಕು. ಚೆನ್ನಾಗಿ ಭಾರ ಬಿದ್ದಾಗ ಇಂಧನದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಗಾಲಿಗೆ ಮುಟ್ಟಿಸುವ ಎಂಜಿನ್ನು, ಹಗುರ ಕೆಲಸದಲ್ಲಿ ಆ ಪಾಲನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಎಪ್ಪತ್ತು ಎಂಬತ್ತರ ಒಂದೇ ವೇಗದಲ್ಲಿ ಸಾಗುವಾಗ ಇದೇ ಬೈಕು ಮರ್ಯಾದೆಯಿಂದ ವರ್ತಿಸುವುದಕ್ಕೂ, ಪೇಟೆಯಲ್ಲಿ ಪುಂಡನಾಗುವುದಕ್ಕೂ ಕಾರಣ ಇದೇ. ಆದ್ದರಿಂದ ಪ್ರವಾಸದಲ್ಲಿ ಸಿಕ್ಕ ಮೈಲೇಜು ಸುಳ್ಳಲ್ಲ. ಅದು ಪ್ರವಾಸದ ಮೈಲೇಜು, ಅಷ್ಟೆ.

ಇನ್ನು ಭಾರ. ಹಿಮಾಲಯನ್ 450ರ ತೂಕ 196 ಕಿಲೋ. ನಮ್ಮ ಊರುಗಳ ನಿಜವಾದ ಎತ್ತಾದ ಸ್ಪ್ಲೆಂಡರ್ 112 ಕಿಲೋ. ಸವಾರನದು 75 ಕಿಲೋ ಎಂದಿಟ್ಟುಕೊಳ್ಳೋಣ. ಸೋಮೇಶ್ವರದ ಬುಡದಿಂದ ಆಗುಂಬೆಯ ತಲೆಯವರೆಗೆ 14 ಹೇರ್‌ಪಿನ್ ತಿರುವುಗಳಲ್ಲಿ ಸುಮಾರು 500 ಮೀಟರ್ ಮೇಲೇರಬೇಕೆಂದು ಭಾವಿಸಿದರೆ, ಗಾಳಿಯ ತಡೆ, ಟೈರಿನ ಉಜ್ಜಾಟ ಯಾವುದನ್ನೂ ಸೇರಿಸದೆ, ಬರಿಯ ಎತ್ತುವ ಕೆಲಸಕ್ಕೇ ಮೊದಲನೆಯದಕ್ಕೆ 13 ಲಕ್ಷ ಜೂಲ್‌ಗೂ ಮಿಕ್ಕಿ, ಎರಡನೆಯದಕ್ಕೆ 9 ಲಕ್ಷ ಜೂಲ್‌ನಷ್ಟು ಬೇಕು. ಇಬ್ಬರಿಗೂ ಸಮಾನವಾಗಿ ಇಂಧನದ ಐದರಲ್ಲೊಂದು ಪಾಲು ಗಾಲಿಗೆ ಮುಟ್ಟುತ್ತದೆಂದು ಹಿಡಿದರೆ ಒಬ್ಬನಿಗೆ 207 ಮಿಲಿಲೀಟರ್, ಇನ್ನೊಬ್ಬನಿಗೆ 143. ಮೇಲೆ ತಲುಪುವುದು ಅದೇ ಒಬ್ಬ ಮನುಷ್ಯ. ಹೆಚ್ಚಾಗಿ ಸುಟ್ಟ 64 ಮಿಲಿಲೀಟರ್ ಕಬ್ಬಿಣವನ್ನು ಆಗುಂಬೆಗೆ ಹೊತ್ತ ಬಾಡಿಗೆ. ಏರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದು ದೊಡ್ಡ ಎಂಜಿನ್ನಿನ ದಕ್ಷತೆ ಒಂದಿಷ್ಟು ಸುಧಾರಿಸುತ್ತದೆಂದು ಬಲ್ಲವರು ಹೇಳಿಯಾರು. ನಿಜವೇ, ಆದರೆ ಕಬ್ಬಿಣದ ತೂಕ ಅದರಿಂದ ಕಡಿಮೆಯಾಗುವುದಿಲ್ಲ. ಇದರ ಮೇಲೆ ಸೊಂಟಕ್ಕೆ ಕಟ್ಟಿದ ಕ್ರ್ಯಾಶ್ ಗಾರ್ಡು, ಎರಡೂ ಬದಿಗೆ ಪೆಟ್ಟಿಗೆ ತೂಗಿಸುವ ಚೌಕಟ್ಟು, ಕೆಸರಿಗೆಂದು ಹಾಕಿಸಿದ ಹಲ್ಲುಹಲ್ಲಿನ ಟೈರು. ಪ್ರವಾಸ ಮುಗಿದು ಎಂಟು ತಿಂಗಳಾದರೂ ಆ ಚೌಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ಊರಿಗೆ ಗೊತ್ತಾಗಬೇಕಲ್ಲ!

ಇಳಿಜಾರಿನಲ್ಲಿ ಎಲ್ಲ ಸರಿದೂಗುತ್ತದೆ ಎಂಬ ಸಮಾಧಾನವೊಂದು ಪ್ರಚಾರದಲ್ಲಿದೆ. ಏರುವಾಗ ಕೊಟ್ಟದ್ದರ ಬಹುಪಾಲು ಇಳಿಯುವಾಗ ಬ್ರೇಕಿನ ತಟ್ಟೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಗಾಡಿ ಭಾರವಿದ್ದಷ್ಟೂ ಹೋಗುವ ಬಿಸಿ ಹೆಚ್ಚು. ಇಲ್ಲಿ ನಮ್ಮವರ ಒಂದು ಹಳೆಯ ಚಟದ ಬಗ್ಗೆಯೂ ಹೇಳಿಬಿಡಬೇಕು. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿಯೋ, ಎಂಜಿನ್ ಆಫ್ ಮಾಡಿಯೋ ಇಳಿಸುವ ಪದ್ಧತಿ ಕಾರ್ಬ್ಯುರೇಟರಿನ ಕಾಲದ್ದು. 2020ರ ನಂತರದ ಇಂಜೆಕ್ಷನ್ ಬೈಕುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ನು ಉಸಿರು ಹಿಡಿದುಕೊಳ್ಳಲು ಇಂಧನ ಕುಡಿಯುತ್ತಲೇ ಇರುತ್ತದೆ. ಉಳಿತಾಯದ ಹೆಸರಿನಲ್ಲಿ ನಷ್ಟ, ಜೊತೆಗೆ ತಿರುವಿನಲ್ಲಿ ಪ್ರಾಣಾಪಾಯ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಸ್ವತಃ ಹೊಂಡಕ್ಕೆ ಹಾರುವ ಏರ್ಪಾಡು.

ನಿತ್ಯದ ಓಡಾಟದ ಇನ್ನೊಂದು ಗುಣ, ಅದು ಗಿಡ್ಡ. ಡೇರಿಗೆ ಮೂರು ಕಿ.ಮೀ., ಅಲ್ಲಿ ಹತ್ತು ನಿಮಿಷ. ಅಂಗಡಿಗೆ ಎರಡು ಕಿ.ಮೀ., ಅಲ್ಲಿ ಅರ್ಧ ಗಂಟೆಯ ಪಟ್ಟಾಂಗ. ಆಷಾಢದ ಜಡಿಮಳೆಯಲ್ಲಿ ತೋಯ್ದು ತಣ್ಣಗಾದ ದೊಡ್ಡ ಎಂಜಿನ್ನು ಬಿಸಿಯೇರುವಷ್ಟರಲ್ಲಿ ಊರು ಬಂದಿರುತ್ತದೆ. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬೆರೆತ ಮಿಶ್ರಣ ಬೇಕು, ಎಣ್ಣೆಯೂ ಮಂದವಾಗಿರುತ್ತದೆ.

ಈಗ ವರ್ಷದ ಲೆಕ್ಕ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ ಓಡಿಸಿದರೆ 12,000 ಕಿ.ಮೀ. ಲೀಟರಿಗೆ 30 ಕೊಡುವ ಬೈಕಿಗೆ 400 ಲೀಟರ್ ಬೇಕು; 60 ಕೊಡುವುದಕ್ಕೆ 200 ಸಾಕು. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ವ್ಯತ್ಯಾಸ 20,000 ರೂಪಾಯಿ. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೆಚ್ಚುವರಿ 200 ಲೀಟರಿಗೆ 460 ಕಿಲೋ. ಒಬ್ಬನ ಬೈಕಿನಿಂದ ಪ್ರಪಂಚ ಮುಳುಗುತ್ತದೆಯೇ ಎಂದು ಮೂಗು ಮುರಿಯುವವರಿಗೆ ಒಂದು ಅಂಕಿ: ಕೇಂದ್ರ ಪೆಟ್ರೋಲಿಯಂ ಇಲಾಖೆಯ ಪರವಾಗಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ಪೆಟ್ರೋಲಿನಲ್ಲಿ ಶೇ. 61ಕ್ಕೂ ಹೆಚ್ಚನ್ನು ಕುಡಿಯುತ್ತಿದ್ದುದು ದ್ವಿಚಕ್ರ ವಾಹನಗಳು. ಕಾರುಗಳ ಕಡೆ ಬೆರಳು ತೋರಿಸಿ ನಾವು ಪಾರಾಗುವಂತಿಲ್ಲ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡುವುದು ಆ 400 ಲೀಟರಿನ ಒಳಗೇ ಅಡಗಿರುವ ಇನ್ನೊಂದು ದ್ರವ. ಬಂಕಿನಲ್ಲಿ ನಾವು ತುಂಬಿಸುವುದು ಈಗ ಬರಿಯ ಪೆಟ್ರೋಲಲ್ಲ. 2030ಕ್ಕೆ ಇದ್ದ ಶೇ. 20ರ ಎಥನಾಲ್ ಮಿಶ್ರಣದ ಗುರಿಯನ್ನು ಹಿಂದಕ್ಕೆಳೆದು 2025ರಲ್ಲೇ ಮುಟ್ಟಲಾಯಿತು. ಒಂದು ಲೀಟರ್ ಎಥನಾಲಿನಲ್ಲಿ ಇರುವುದು ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ. ಹೀಗಾಗಿ ಮಿಶ್ರಣದ ಒಂದು ಲೀಟರಿನಲ್ಲಿ ಶಕ್ತಿ ಸುಮಾರು ಶೇ. 7 ಕಡಿಮೆ. ಹಳೆಯ ದ್ವಿಚಕ್ರಗಳಲ್ಲಿ ಮೈಲೇಜು ಶೇ. 3ರಿಂದ 4ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿತ್ತು. ಲೀಟರಿನಲ್ಲಿ ಶಕ್ತಿ ಇಳಿಯಿತು, ದರ ಇಳಿಯಲಿಲ್ಲ. ಇದು ಸವಾರನ ನಷ್ಟ. ನೆಲದ ನಷ್ಟ ಬೇರೆಯೇ ಇದೆ.

400 ಲೀಟರಿನಲ್ಲಿ 80 ಲೀಟರ್ ಎಥನಾಲ್. ಒಂದು ಟನ್ ಕಬ್ಬಿನಿಂದ 70 ಲೀಟರ್ ಬರುತ್ತದೆಂದು ಅದೇ ವರದಿ ಹೇಳುತ್ತದೆ. ಸಕ್ಕರೆಯ ದಾರಿಯಿಂದ ಬರುವ ಒಂದು ಲೀಟರಿಗೆ 2,860 ಲೀಟರ್ ನೀರು ಎಂದೂ ಹೇಳುತ್ತದೆ. ಅಂದರೆ ಒಂದು ಟೂರಿಂಗ್ ಬೈಕಿನ ವರ್ಷದ ಡೇರಿ ಓಡಾಟಕ್ಕೆ ಒಂದು ಟನ್ನಿಗೂ ಮಿಕ್ಕಿ ಕಬ್ಬು, ಎರಡೂಕಾಲು ಲಕ್ಷ ಲೀಟರಿಗೂ ಹೆಚ್ಚು ನೀರು. ಎಲ್ಲವೂ ಅಕ್ಕಿಯಿಂದಲೇ ಬಂದಿತೆಂದು ಹಿಡಿದರೆ, ಟನ್ನಿಗೆ 450 ಲೀಟರಿನಂತೆ, 178 ಕಿಲೋ ಅಕ್ಕಿ. ವಾಸ್ತವದಲ್ಲಿ ಕಬ್ಬು, ಜೋಳ, ಅಕ್ಕಿ ಮೂರೂ ಬೆರೆತಿರುತ್ತವೆ. ಮೆಕ್ಕೆಜೋಳವಾದರೆ ಪರವಾಗಿಲ್ಲವೇ? ಶಿಕಾರಿಪುರದ ಕಡೆ ಭತ್ತ, ರಾಗಿಗಳನ್ನು ನುಂಗಿ ಹರಡಿದ ಜೋಳದ ಹೊಲಗಳನ್ನು, ಅದಕ್ಕೆ ಸುರಿಯುವ ಯೂರಿಯಾವನ್ನು, ಕೊಯ್ಲಿನ ನಂತರ ಬೋಳಾಗಿ ಬಿದ್ದ ನೆಲವನ್ನು ನೋಡಿದವರು ಉತ್ತರ ಹೇಳಲಿ.

ಅಕ್ಕಿಯ ವಿಷಯದಲ್ಲಿ ನಡೆದದ್ದನ್ನು ಕನ್ನಡಿಗರು ಮರೆಯಬಾರದು. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆಂದು ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿ ಕೊಡುತ್ತೇನೆಂದರೂ ಆಹಾರ ನಿಗಮದ ಗೋದಾಮಿನ ಬಾಗಿಲು ತೆರೆಯಲಿಲ್ಲ. ಅಕ್ಕಿಯ ಬದಲು ಕಾರ್ಡುದಾರರ ಖಾತೆಗೆ ಹಣ ಹಾಕಬೇಕಾಯಿತು. 2025ರಲ್ಲಿ ಅದೇ ನಿಗಮದ ಅಕ್ಕಿಯಲ್ಲಿ 52 ಲಕ್ಷ ಟನ್ನನ್ನು ಎಥನಾಲ್ ಬಟ್ಟಿಗಳಿಗೆ ಮೀಸಲಿಟ್ಟರು. ದರ ಕ್ವಿಂಟಾಲಿಗೆ 2,250 ರೂಪಾಯಿ, ಕಿಲೋಗೆ ಇಪ್ಪತ್ತೆರಡೂವರೆ! ರಾಜ್ಯಗಳಿಗೂ ಆ ವೇಳೆಗೆ ಅದೇ ದರ ಸಿಕ್ಕಿತೆನ್ನುವುದು ನಿಜ. ಆದರೆ ಉಣ್ಣುವ ಬಾಯಿಯನ್ನೂ ಬೈಕಿನ ಟ್ಯಾಂಕನ್ನೂ ಒಂದೇ ಸಾಲಿನಲ್ಲಿ, ಒಂದೇ ದರಕ್ಕೆ ನಿಲ್ಲಿಸುವ ಆಡಳಿತಕ್ಕೆ ಏನೆನ್ನಬೇಕು? ಹಸಿರು ಇಂಧನವೆಂಬ ಹೆಸರು ಬೇರೆ.

ಸರ್ಕಾರಕ್ಕೆ ಸುಡುವ ಇಂಧನದ ಬಗ್ಗೆ ಕಾಳಜಿಯಿದ್ದರೆ ತೆರಿಗೆಯಲ್ಲಿ ಕಾಣಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿ, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 40 ಹಾಕಿದರು. ಗೆರೆ ಎಳೆದದ್ದು ಸಿಲಿಂಡರಿನ ಗಾತ್ರಕ್ಕೆ; ಮೈಲೇಜಿಗೂ ತೂಕಕ್ಕೂ ಅಲ್ಲ. ಇನ್ನೂರು ಕಿಲೋ ಸಮೀಪದ 350 ಸಿ.ಸಿ. ಗಾಡಿಯೂ 112 ಕಿಲೋದ ಎತ್ತೂ ಈಗ ಒಂದೇ ಪಂಕ್ತಿಯ ಊಟಕ್ಕೆ ಕೂತಿವೆ. ಕಾರು ತಯಾರಕರಿಗೆ 2017ರಿಂದ ಸರಾಸರಿ ಇಂಧನದ ಮಿತಿಯಿದೆ. ಪೆಟ್ರೋಲಿನ ಸಿಂಹಪಾಲು ಕುಡಿಯುವ ದ್ವಿಚಕ್ರಗಳಿಗೆ ಅಂಥ ಮಿತಿ ಯಾಕೆ ಬೇಡವಾಯಿತು?

ನಮ್ಮ ಯುವಕರ ಆಕ್ಷೇಪಗಳನ್ನು ನಾನು ಬಲ್ಲೆ, ಎಲ್ಲವನ್ನೂ ತಳ್ಳಿಹಾಕುವುದಿಲ್ಲ. "ರಸ್ತೆ ನೋಡಿ ಸಾರ್, ಇದಕ್ಕೆ ಆ ಬೈಕೇ ಬೇಕು" ಎನ್ನುತ್ತಾರೆ. ಹೊಂಡಗಳನ್ನು ಹಾರಿಸಲು ದೊಡ್ಡ ಸಸ್ಪೆನ್ಷನ್ ಕೊಂಡವನು ಲೋಕೋಪಯೋಗಿ ಇಲಾಖೆಯ ಬಾಕಿಯನ್ನು ತನ್ನ ಕಂತಿನಲ್ಲಿ ತೀರಿಸುತ್ತಿದ್ದಾನೆ. ಅದೇ ಹೊಂಡದ ರಸ್ತೆಯಲ್ಲಿ ಟಿವಿಎಸ್ ಮೊಪೆಡ್ಡಿನ ಮೇಲೆ ಬಾಳೆಗೊನೆ, ಗ್ಯಾಸ್ ಸಿಲಿಂಡರು, ಹೆಂಡತಿ, ಮಗು ಎಲ್ಲವನ್ನೂ ದಾಟಿಸುವವರು ದಿನವೂ ಕಾಣಸಿಗುತ್ತಾರೆ. ಸುರಕ್ಷತೆಯ ಮಾತು ಮಾತ್ರ ತೂಕದ್ದು. ಮಳೆಯಲ್ಲಿ ಚಾರ್ಮಾಡಿ ಇಳಿಯುವವನಿಗೆ ಜಾರದ ಬ್ರೇಕು ಐಷಾರಾಮವಲ್ಲ. ಆದರೆ 2019ರಲ್ಲಿ ಬಂದ ನಿಯಮ 125 ಸಿ.ಸಿ.ಗೆ ಮೇಲ್ಪಟ್ಟ ಬೈಕುಗಳಿಗೆ ಎಬಿಎಸ್ ಕಡ್ಡಾಯ ಮಾಡಿ, ಕೆಳಗಿನವಕ್ಕೆ ಜೋಡಿ ಬ್ರೇಕು ಸಾಕೆಂದಿತು. ಹಗುರ ಬೈಕು ಕೊಳ್ಳುವ ಬಡವನಿಗೆ ಅಗ್ಗದ ಬ್ರೇಕು, ಭಾರದ್ದನ್ನು ಕೊಳ್ಳುವವನಿಗೆ ಒಳ್ಳೆಯ ಬ್ರೇಕು! ಹಗುರವಾದ, ಕಡಿಮೆ ಕುಡಿಯುವ, ಒಳ್ಳೆಯ ಬ್ರೇಕಿನ ಬೈಕು ತಯಾರಿಸಲು ತಂತ್ರಜ್ಞಾನದ ಕೊರತೆಯಿಲ್ಲ. ಮಾರಾಟಗಾರರಿಗೆ ಅದರಲ್ಲಿ ಲಾಭದ ಕೊರತೆ.

"ಕಾರಿಗಿಂತ ಒಳ್ಳೆಯದಲ್ಲವೇ" ಎಂಬುದು ಮತ್ತೊಂದು. ಲೀಟರಿಗೆ 15 ಕೊಡುವ ಕಾರಿನಲ್ಲಿ ನಾಲ್ವರಿದ್ದರೆ ತಲೆಗೆ 60 ಕಿ.ಮೀ. ಸಿಕ್ಕಿತು, 30 ಕೊಡುವ ಬೈಕಿನಲ್ಲಿ ಒಬ್ಬನಿದ್ದರೆ 30. ಲೀಟರ್ ಡೀಸೆಲಿಗೆ ನಾಲ್ಕೇ ಕಿ.ಮೀ. ಓಡುವ ಘಟ್ಟದ ಬಸ್ಸಿನಲ್ಲಿ 40 ಜನರಿದ್ದರೆ ತಲೆಗೆ 160. ಬಸ್ಸು ಮುಕ್ಕಾಲು ಖಾಲಿ ಇದ್ದರೂ ಅದು ಟೂರಿಂಗ್ ಬೈಕನ್ನು ಸೋಲಿಸುತ್ತದೆ. ಮಲೆನಾಡಿನ ಮೂಲೆಮೂಲೆಗೆ ಈ ಲೆಕ್ಕವನ್ನು ತಲುಪಿಸಿದ್ದು ಕೊಪ್ಪದ ಸಹಕಾರ ಸಾರಿಗೆ. ಮುಚ್ಚಿದ ಖಾಸಗಿ ಕಂಪನಿಯೊಂದರ ಕಾರ್ಮಿಕರೇ 1991ರಲ್ಲಿ ಕಟ್ಟಿಕೊಂಡ ಆ ಸಂಸ್ಥೆ 2020ರಲ್ಲಿ ಬಸ್ಸು ನಿಲ್ಲಿಸಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸರು ಆ ಉಚಿತವನ್ನು ಎಲ್ಲಿ ಹತ್ತಬೇಕು? ಬಸ್ಸು ನಿಂತ ಊರುಗಳಲ್ಲಿ ಬೈಕು ಆಸೆಯ ವಸ್ತುವಾಗಿ ಉಳಿಯದೆ ಅನಿವಾರ್ಯವಾಯಿತು. ಅನಿವಾರ್ಯವಾದದ್ದನ್ನು ಸಾಹಸವೆಂದು ಬಣ್ಣ ಕಟ್ಟಿ ಮಾರುವುದು ಜಾಹೀರಾತಿನವರಿಗೆ ಸುಲಭ. ವಿದ್ಯುತ್ ಬೈಕುಗಳ ಮಾತು ಬೇರೆಯೇ ಬರೆಯಬೇಕಾದದ್ದು. ಶರಾವತಿ ಕಣಿವೆಗಾಗಿ ಹೋರಾಡುತ್ತಿರುವ ನಾವು ಪ್ಲಗ್ಗಿನ ಆಚೆ ಏನಿದೆಯೆಂದು ಕೇಳದೆ ಅದನ್ನು ಅಪ್ಪಿಕೊಳ್ಳುವಂತಿಲ್ಲ.

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಒಲೆ ನಮ್ಮ ಅಡುಗೆಮನೆಗಳಿಗೆ ಹೊಸತಲ್ಲ. ಅದನ್ನು ನಾವು ಒಪ್ಪಿದ್ದು ಉರಿಯ ಚಂದ ನೋಡಿಯಲ್ಲ, ಬೆಂದ ಅನ್ನಕ್ಕೆ ಎಷ್ಟು ಸೌದೆ ಹಿಡಿಯಿತೆಂದು ನೋಡಿ. ಬೈಕಿಗೂ ಅದೇ ಅಳತೆ ಬೇಕು. ಏರಿನ ದಾರಿಯ ಅಂಕಿಯನ್ನೂ ಪ್ರಕಟಿಸಿರೆಂದು ತಯಾರಕರನ್ನೂ ಸಾರಿಗೆ ಸಚಿವಾಲಯವನ್ನೂ ಒತ್ತಾಯಿಸುವ ಮೊದಲು ನಮ್ಮ ಕೈಯಲ್ಲಿ ನಮ್ಮದೇ ಅಂಕಿಗಳಿರಬೇಕು.

ಕ್ರಮ ಸರಳ. ಒಂದೇ ಬಂಕಿನಲ್ಲಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಟ್ಯಾಂಕಿನ ಒಳಗಿನ ಗುರುತಿನವರೆಗೆ ತುಂಬಿಸಿ, ಮೀಟರಿನ ಓದನ್ನು ಬರೆದುಕೊಳ್ಳಿ. ಇನ್ನೂರು ಕಿ.ಮೀ.ಗೆ ಕಡಿಮೆಯಿಲ್ಲದಂತೆ ನಿತ್ಯದ ಕೆಲಸಕ್ಕೇ ಓಡಿಸಿ ಮತ್ತೆ ಅದೇ ಗುರುತಿಗೆ ತುಂಬಿಸಿ, ಹಿಡಿದ ಲೀಟರಿನಿಂದ ಭಾಗಿಸಿ. ಬೈಕಿನ ಡಬ್ಬಿಯ ಪರದೆ ತೋರಿಸುವ ಅಂಕಿಯನ್ನು ಬರೆಯಬೇಡಿ. ಸವಾರಿಯಲ್ಲಿ ಒಬ್ಬರೋ ಇಬ್ಬರೋ, ಮಳೆಯೋ ಬಿಸಿಲೋ, ದಾರಿ ಯಾವ ಊರಿನಿಂದ ಯಾವ ಊರಿಗೆ, ಟೈರಿನ ಗಾಳಿ ಎಷ್ಟು ಎಂಬುದನ್ನೂ ಸೇರಿಸಿ. ಹೀಗೆ ಮೂರು ಬಾರಿ ಮಾಡಿ, ಸ್ಪ್ಲೆಂಡರಿನದಾಗಲಿ ಹಿಮಾಲಯನ್ನಿನದಾಗಲಿ, ಪುಟವನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿಕೊಡಿ. ಮಳೆಗಾಲದ ಮೂರು ತಿಂಗಳ ಪುಟಗಳು ವಿಶೇಷವಾಗಿ ಬೇಕು. ಬೇಸಿಗೆಯ ಅಂಕಿ ಕಂಪನಿಯವರ ಬಳಿ ಈಗಾಗಲೇ ಬೇಕಾದಷ್ಟಿದೆ.